ಕೆಳಗಣ್ಣಿನ ನೀರು

ಕಳೆದ ತಿಂಗಳು ಕನಕಪುರಕ್ಕೆ ಹೋಗುವ ಬಸ್ಸು ಹಾರೋಹಳ್ಳಿ ದಾಟಿ ಸ್ವಲ್ಪ ದೂರಕ್ಕೇ ನಿಂತುಬಿಟ್ಟಿತು. ರಸ್ತೆ ಅಗಲ ಮಾಡುವವರು ಹಳೆಯ ಮೋರಿಯೊಂದನ್ನು ಬಗೆದು ಕೆಸರನ್ನು ಪಕ್ಕಕ್ಕೆ ರಾಶಿ ಹಾಕಿದ್ದರು. ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಥೂ, ಏನ್ ಸತ್ತೈತೋ" ಅಂದಳು. ಏನೂ ಸತ್ತಿರಲಿಲ್ಲ. ಗಾಳಿಯಾಡದ ಕೆಸರು ಹಾಗೇ ನಾರುವುದು. ಮೊದಲು ಕೊಳೆತ ಮೊಟ್ಟೆ, ಅದರ ಹಿಂದೆ ತುಕ್ಕು ಹಿಡಿದ ಕಬ್ಬಿಣ, ಎಲ್ಲಕ್ಕಿಂತ ಕೆಳಗೆ ಹಳೆಯ ಎಲೆಯ ಒಗರು. ಆ ವಾಸನೆಯನ್ನು ಹೀಗೆ ಪದರ ಪದರವಾಗಿ ಬಿಡಿಸಲು ನನಗೆ ಬರುತ್ತದೆ. ಕಲಿಸಿದವನು ಕೆರೆಯ ನೀರು ಬಿಡುವ ಒಬ್ಬ ನೀರಗಂಟಿ. ಅವನನ್ನು ನಾನು ಅವನ ಊರಿನ ಎದುರೇ ಸೋಲಿಸಿದೆ.

ನೆನಪನ್ನು ನಾನು ನಂಬುವುದಿಲ್ಲ. ವರ್ಷ ಕಳೆದ ಹಾಗೆ ಮನುಷ್ಯ ತನ್ನ ತಪ್ಪನ್ನು ಇಂಚಿಂಚೇ ಪಕ್ಕಕ್ಕೆ ಸರಿಸುತ್ತಾನೆ, ಕೊನೆಗೆ ಅದು ಬೇರೆ ಯಾರದೋ ಜಮೀನಿನಲ್ಲಿ ಬಿದ್ದಿರುತ್ತದೆ. ಆದ್ದರಿಂದ ಇಲ್ಲಿರುವುದನ್ನು ಆ ವರ್ಷದ ನನ್ನ ನೋಟ್‌ಬುಕ್ಕಿನೊಂದಿಗೆ ತಾಳೆ ನೋಡಿಯೇ ಬರೆಯುತ್ತಿದ್ದೇನೆ. ಆಗ ಆ ನೀರಗಂಟಿ ಸಿದ್ದಯ್ಯನನ್ನು ಏಕವಚನದಲ್ಲೇ ಬರೆದಿದ್ದೆ. ಈಗ ಗೌರವ ಸೇರಿಸಿದರೆ ಅದೂ ಸರಿಸುವ ಕೆಲಸವೇ. ಹಾಗೇ ಇರಲಿ.

ಅದು ರಾಮನಗರ ಹೊಸ ಜಿಲ್ಲೆಯಾದ ಮರುವರ್ಷದ ಬೇಸಿಗೆ. ನಾನು ಪ್ರಾಣಿಶಾಸ್ತ್ರದ ಬಿ.ಎಸ್ಸಿ. ಮುಗಿಸಿ ಕೂತಿದ್ದೆ. ಪಾಠಕ್ಕಿಂತ ಚೆನ್ನಾಗಿ ಕಲಿತದ್ದು ಚರ್ಚಾಸ್ಪರ್ಧೆ. ಮಂಡ್ಯ, ಮೈಸೂರು, ತುಮಕೂರು, ಎಲ್ಲಿಗೆ ಹೋದರೂ ಬರಿಗೈಯಲ್ಲಿ ವಾಪಸು ಬಂದವನಲ್ಲ. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ. ದೇವರಿಲ್ಲ ಎಂದು ಬೆಳಗ್ಗೆ ಗೆದ್ದು, ಇದ್ದಾನೆ ಎಂದು ಮಧ್ಯಾಹ್ನ ಗೆದ್ದ ದಿನವೂ ಉಂಟು. ಮನೆಯಲ್ಲಿ ಹರಕೆ, ಶಕುನ, ದೃಷ್ಟಿ ಅಂದವರ ಬಾಯನ್ನು ಊಟ ಮುಗಿಯುವುದರೊಳಗೆ ಮುಚ್ಚಿಸುತ್ತಿದ್ದೆ. ಅಮ್ಮ ಇದನ್ನು ಬುದ್ಧಿ ಅಂದುಕೊಂಡಿದ್ದಳು.

ಕೆಲಸ ಸಿಕ್ಕಿದ್ದು ಹಾರೋಹಳ್ಳಿ ಕಡೆಯ ಒಂದು ಊರಿನಲ್ಲಿ. ಹೆಸರು ಬೇಡ, ಅಲ್ಲಿ ಇನ್ನೂ ಜನ ಬದುಕಿದ್ದಾರೆ. ಮೇಲೆ ಕಾರ್ಖಾನೆ, ಅದರ ಕೆಳಗೆ ಕೆರೆ, ಕೆರೆಯ ಏರಿ ಇಳಿದರೆ ಹಿಪ್ಪುನೇರಳೆ ತೋಟಗಳು. ಹೆಚ್ಚುಕಮ್ಮಿ ಪ್ರತಿ ಮನೆಯಲ್ಲೂ ರೇಷ್ಮೆಹುಳ ಸಾಕುತ್ತಿದ್ದರು. ಕಾರ್ಖಾನೆ ಇನ್ನೂ ದೊಡ್ಡದಾಗಬೇಕಿತ್ತು. ಅದಕ್ಕೆ ಮೊದಲು ಕೆರೆಯ ನೀರು, ನೀರಿನಲ್ಲಿನ ಸಣ್ಣ ಜೀವಿಗಳು, ತಳದ ಹೂಳು ಹೇಗಿವೆ ಎಂದು ವರದಿ ಕೊಡಲು ಬೆಂಗಳೂರಿನ ಒಂದು ತಂಡ ಬಂದಿತ್ತು. ತಂಡದವರು ವಾರಕ್ಕೊಮ್ಮೆ ಕಾರಿನಲ್ಲಿ ಬಂದು ಬಾಟಲಿಗಳನ್ನು ಒಯ್ಯುತ್ತಿದ್ದರು. ದಿನವೂ ಕೆರೆಯ ಮೇಲೆ ಕೂತು ಅಳೆಯುವವನು ನಾನು. ಲಾರಿ ಟ್ಯೂಬಿನ ಮೇಲೆ ಹಲಗೆ ಕಟ್ಟಿದ ತೆಪ್ಪದಲ್ಲಿ ನನ್ನನ್ನು ಕೂರಿಸಿಕೊಂಡು ಹೋಗುವವನು ಸಿದ್ದಯ್ಯ, ಆ ಕೆರೆಯ ನೀರಗಂಟಿ.

ಹಳೆಯ ಕೆರೆಯ ತೂಬು ನೋಡದವರಿಗೆ ಒಂದು ಮಾತು. ಏರಿಯ ಒಳಬದಿಯಲ್ಲಿ, ನೀರಿನೊಳಗೆ ಇಳಿಯುವ ಕಲ್ಲಿನ ಕಂಬಗಳ ನಡುವೆ ಒಂದರ ಕೆಳಗೊಂದು ತೂತುಗಳು ಇರುತ್ತವೆ. ಅವನ್ನು ಕಣ್ಣು ಅನ್ನುತ್ತಾರೆ. ಈ ಕೆರೆಗೆ ಮೂರು ಇದ್ದವು: ಮೇಲ್ಗಣ್ಣು, ನಡುಗಣ್ಣು, ಕೆಳಗಣ್ಣು. ಪ್ರತಿ ಕಣ್ಣಿಗೂ ಮರದ ಬಿರಡೆ. ಯಾವ ಬಿರಡೆ ಯಾವಾಗ ಕೀಳಬೇಕು ಅನ್ನುವುದು ನೀರಗಂಟಿಯ ಮಾತು, ಕೀಳುವ ಕಬ್ಬಿಣದ ಕೊಕ್ಕೆ ಅವನ ಕೈಯಲ್ಲಿ. ಸಿದ್ದಯ್ಯನ ಅಪ್ಪ, ತಾತ ಹಿಡಿದಿದ್ದ ಕೊಕ್ಕೆ ಅದು. ಅವನ ಮನೆ ಊರಾಚೆ ಕಾಲೊನಿಯಲ್ಲಿ. ಊರೊಳಗೆ ಅವನನ್ನು ಜಗಲಿಯ ಮೇಲೆ ಕೂರಿಸುತ್ತಿರಲಿಲ್ಲ. ಆದರೆ ಏರಿಯ ಮೇಲೆ ಅವನು ಬೇಡ ಅಂದರೆ ಗೌಡರ ಗದ್ದೆಗೂ ನೀರಿಲ್ಲ. ಬದುಕಿನಲ್ಲಿ ಅವನ ಮಾತು ನಡೆಯುತ್ತಿದ್ದದ್ದು ಅದೊಂದೇ ಜಾಗದಲ್ಲಿ.

ನಾನು ದಿನಾ ಮೂರು ಆಳದಲ್ಲಿ ಅಳೆಯುತ್ತಿದ್ದೆ: ಮೇಲಿಂದ ಒಂದು ಗೇಣು, ನಡು, ತಳದಿಂದ ಒಂದು ಗೇಣು ಮೇಲೆ. ಥರ್ಮಾಮೀಟರ್ ಓದಿ ಅಂಕಿಯನ್ನು ಗಟ್ಟಿಯಾಗಿ ಕೂಗಿ ಬರೆದುಕೊಳ್ಳುವುದು ನನ್ನ ಅಭ್ಯಾಸ. ಏಪ್ರಿಲ್ ಬಿಸಿಲಿಗೆ ಮೇಲೆ ಮೂವತ್ತೊಂದು, ತಳದಲ್ಲಿ ಇಪ್ಪತ್ತಾರು. ಬಿಸಿ ನೀರು ಹಗುರ, ಮೇಲೆ ನಿಲ್ಲುತ್ತದೆ. ತಣ್ಣನೆಯದು ಭಾರ, ಕೆಳಗೆ ಕೂರುತ್ತದೆ. ಎರಡೂ ಬೆರೆಯುವುದಿಲ್ಲ. ಇದನ್ನು ನಾನು ಸಿದ್ದಯ್ಯನಿಗೆ ವಿವರಿಸಹೊರಟೆ.

"ನೀರು ಮಲಗದೆ ಅಂತ ಅದುಕ್ಕೆ," ಅಂದ ಅವನು ಹುಟ್ಟು ಹಾಕುತ್ತ. "ಬಿಸ್ಲಲ್ಲಿ ಮಲಿಕತ್ತದೆ. ಗಾಳಿ ಮಳೆ ಬಂದ್ರೆ ಎದ್ದು ಕೂತ್ಕತ್ತದೆ. ಮಲಗಿದಾಗ ಕೆಳಗಣ್ಣು ತಗೀಬಾರ್ದು."

"ಯಾಕೆ?"

"ಕೆಳಗಿಂದು ಬ್ಯಾರೆ ನೀರಲ್ವಾ ಬುದ್ದಿ."

"ಬುದ್ದಿ ಅನ್ನಬೇಡಿ ಸಿದ್ದಯ್ಯ. ಕಾಲ ಬದಲಾಗಿದೆ."

"ಆಯ್ತು ಸಾರ್," ಅಂದ. ಕಾಲವನ್ನು ಅಷ್ಟರಲ್ಲಿ ಬದಲಾಯಿಸಿದೆ ಎಂದು ನಾನು ಹಿಗ್ಗಿದೆ.

ಅವನಿಗೆ ಕೆರೆಯೊಳಗಿನ ಪ್ರತಿ ಅಂತಸ್ತಿನ ಬಾಡಿಗೆದಾರರು ಗೊತ್ತಿದ್ದರು. ಸಾಸಿವೆಗಿಂತ ಚಿಕ್ಕ ನೀರುಚಿಗಟಗಳು ಬೆಳಕಿಗೆ ಕೆಳಕ್ಕೆ ಇಳಿದು, ಸಂಜೆಗೆ ಮೇಲಕ್ಕೆ ಬರುತ್ತವೆ ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಅವನು ನಲವತ್ತು ವರ್ಷ ನೋಡಿದ್ದ. "ಈಗ್ ನೋಡಿ, ಪೂರ್ತಿ ಇಳಿಯಕಿಲ್ಲ ಅವು. ಅರ್ಧಕ್ಕೇ ನಿಂತ್ಕಬುಡ್ತವೆ. ತಳ ಕಂಡ್ರೆ ಭಯ ಅವುಕ್ಕೆ," ಅಂದ. ಬಲೆ ಬಿಟ್ಟು ನೋಡಿದೆ. ನಡುನೀರಿನಲ್ಲಿ ಬಲೆ ತುಂಬ ಚಿಗಟ, ತಳದಲ್ಲಿ ಒಂದೂ ಇಲ್ಲ. ಹೂಳಿನಲ್ಲಿ ಕೊಳವೆ ಚುಚ್ಚಿ ಎತ್ತಿದಾಗ ಮೇಲಿನ ಒಂದು ಗೇಣು ನೀಲಿಗಪ್ಪು ಅಂಟು. ಕೊಳಕು ನೀರಲ್ಲೂ ಬದುಕುವ ಕೆಂಪು ಎಳೆಹುಳು ಕೂಡ ಅದರಲ್ಲಿ ಇರಲಿಲ್ಲ. ಅದರ ಕೆಳಗೆ ಕಪ್ಪು ಮಣ್ಣು, ಇನ್ನೂ ಕೆಳಗೆ ಹಳೆಯ ಕಂದು ಮಣ್ಣು, ಬಸವನಹುಳುವಿನ ಚಿಪ್ಪುಗಳ ಸಮೇತ. ಸಿದ್ದಯ್ಯ ಮೂಗಿನ ಹತ್ತಿರ ಹಿಡಿದು ಒಂದೊಂದೇ ಪದರವನ್ನು ಹೆಸರಿಸಿದ. "ಈ ಮ್ಯಾಗ್ಲದ್ದು ನಮ್ದಲ್ಲ. ಇದು ಮ್ಯಾಲಿಂದ ಬಂದಿದ್ದು," ಎಂದು ಕಾರ್ಖಾನೆಯ ಕಡೆ ಗಲ್ಲ ಎತ್ತಿದ. ನೋಟ್‌ಬುಕ್ಕಿನಲ್ಲಿ ಇದೆಲ್ಲ ನನ್ನ ಕೈಬರಹದಲ್ಲಿದೆ. ಗೊತ್ತಿರಲಿಲ್ಲ ಎಂದು ನಾನು ವಾದಿಸಲಾರೆ.

ಅದೇ ಹೊತ್ತಿಗೆ ಊರಿಗೆ ಒಂದು ಸುದ್ದಿ ಬಂತು. ಕಾರ್ಖಾನೆಯವರು ತಮ್ಮದೇ ಜೆಸಿಬಿ ತಂದು ಕೆರೆಯ ಹೂಳೆತ್ತಿಸಿ, ಆ ಗೋಡುಮಣ್ಣನ್ನು ಗೊಬ್ಬರವಾಗಿ ರೈತರ ತೋಟಕ್ಕೇ ಹೊಡೆಸುತ್ತಾರಂತೆ. ಕೆರೆಯ ಗೋಡು ಅಂದರೆ ಅಲ್ಲಿ ಪ್ರಸಾದವಿದ್ದ ಹಾಗೆ. ಬೇಸಿಗೆಯಲ್ಲಿ ಕೆರೆಯ ಅಂಗಳವನ್ನು ಹಗ್ಗ ಹಿಡಿದು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು ಗಾಡಿಯಲ್ಲಿ ಹೊಡೆಯುವ ಪದ್ಧತಿ ಹಳೆಯದು. ಈಗ ಮೈಬಗ್ಗಿಸದೆ ಟ್ರ್ಯಾಕ್ಟರಿನಲ್ಲಿ ಮನೆ ಬಾಗಿಲಿಗೆ. ಆದರೆ ಕೆರೆ ಒಣಗಬೇಕಾದರೆ ಕೆಳಗಣ್ಣು ತೆಗೆಯಬೇಕು. ಸಿದ್ದಯ್ಯ ತೆಗೆಯುವುದಿಲ್ಲ ಅಂದ.

ಪಂಚಾಯ್ತಿ ಮೆಂಬರು ಪುಟ್ಟಸ್ವಾಮಿಗೌಡರು ಏರಿಯ ಮೇಲೆ ಬೈಕು ನಿಲ್ಲಿಸಿದರು. ಊರಿಗೇ ದೊಡ್ಡ ತೋಟ ಅವರದು.

"ಲೇ ಸಿದ್ದ, ಏನ್ಲಾ ನಿಂದು ತರ್ಲೆ? ಬಿರ್ಡೆ ಕೀಳು ಅಂದ್ರೆ ಕೀಳ್ಬೇಕಪ್ಪ."

"ಈ ವರ್ಸ ಬ್ಯಾಡಿ ಗೌಡ್ರೆ. ತಳ ಕೆಟ್ಟೈತೆ. ಆ ಗೋಡು ತೋಟಕ್ಕೆ ಬಿದ್ರೆ ಸೊಪ್ಪಿಗೆ ಏರ್ತದೆ, ಸೊಪ್ಪು ತಿಂದ ಹುಳ ಉಳಿಯಕಿಲ್ಲ."

"ಓಹೋ, ನಿನ್ಗೆ ತಳ ಕಾಣ್ತದಾ?"

"ಕೆಳಗಣ್ಣಿನ ನೀರು ಕೈಗೆ ಕೊಟ್ರೆ ಕಣ್ಮುಚ್ಕಂಡು ಹೇಳ್ತೀನಿ ಇದು ಕೆಳಗಣ್ಣಿಂದು ಅಂತವ."

ಗೌಡರು ನನ್ನ ಕಡೆ ತಿರುಗಿದರು. "ನೀನೇನಂತೀಯಪ್ಪ? ಓದಿದೋನು."

ಆಗ ನಾನು ಹೇಳಬಹುದಾಗಿದ್ದ ಮಾತು ಒಂದೇ: ಸಿದ್ದಯ್ಯ ಹೇಳುವುದು ನನ್ನ ಪುಸ್ತಕದಲ್ಲೂ ಇದೆ. ಆದರೆ "ಕಣ್ಮುಚ್ಕಂಡು ಹೇಳ್ತೀನಿ" ಅನ್ನುವ ಮಾತು ನನ್ನೊಳಗಿನ ಸ್ಪರ್ಧಿಯನ್ನು ಎಬ್ಬಿಸಿತ್ತು. ಹಾಗೆ ಹೇಳುವವರನ್ನು ನಾನು ಎಲ್ಲಿ ಕಂಡರೂ ಬಿಡುತ್ತಿರಲಿಲ್ಲ, ಕೈ ನೋಡಿ ಭವಿಷ್ಯ ಹೇಳುವವರನ್ನು, ತೆಂಗಿನಕಾಯಿ ಹಿಡಿದು ಬೋರ್‌ವೆಲ್ ಜಾಗ ತೋರಿಸುವವರನ್ನು. ಅವರ ಸಾಲಿನಲ್ಲಿ ಇವನನ್ನೂ ನಿಲ್ಲಿಸಿದೆ. "ಬಾಯಿಮಾತು ಯಾಕೆ? ಪರೀಕ್ಷೆ ಮಾಡೋಣ," ಅಂದೆ. ಮೂರು ಆಳದ ನೀರು, ಮೂರು ಬಾಟಲಿ, ಹೆಸರಿಲ್ಲ. ಯಾವುದು ಯಾವ ಕಣ್ಣಿನದೆಂದು ಸಿದ್ದಯ್ಯ ಊರಿನ ಎದುರು ಹೇಳಬೇಕು. ಹೇಳಿದರೆ ಈ ವರ್ಷ ಗೋಡು ಮುಟ್ಟುವುದು ಬೇಡ. ಹೇಳದಿದ್ದರೆ ಅವನೇ ಕೆಳಗಣ್ಣು ತೆಗೆಯಬೇಕು. ಸಿದ್ದಯ್ಯ ನಕ್ಕ. ಸಂತೋಷದಿಂದಲೇ ನಕ್ಕ. "ಇದ್ಯಾವ್ ದೊಡ್ ಕೆಲ್ಸ ಸಾರ್," ಅಂದ. ಗೌಡರೂ ಒಪ್ಪಿ, ಗುರುವಾರ ಬೆಳಗ್ಗೆ ಎಂದು ನಿಗದಿಯಾಯಿತು.

ಬುಧವಾರ ಸಂಜೆ ಗಾಳಿ ಎದ್ದಿತು. ಆ ಬೇಸಿಗೆಯ ಮೊದಲ ಮಳೆ. ಹುಣಸೆ ಕೊಂಬೆ ಮುರಿದು, ಶಾಲೆಯ ಶೀಟು ಹಾರಿ, ಕೆರೆ ಎರಡು ಗಂಟೆ ಹೊತ್ತು ಕುದಿಯುವ ಹಾಗೆ ಕದಡಿತು. ಬೆಳಗ್ಗೆ ತೆಪ್ಪದಲ್ಲಿ ಹೋದಾಗ ಮೀನುಗಳು ಬಾಯಿ ಮೇಲೆತ್ತಿ ಏದುಸಿರು ಬಿಡುತ್ತಿದ್ದವು. ಥರ್ಮಾಮೀಟರ್ ಬಿಟ್ಟೆ. ಮೇಲೆ ಇಪ್ಪತ್ತಾರು. ನಡುವೆ ಇಪ್ಪತ್ತಾರು. ತಳದಲ್ಲಿ ಇಪ್ಪತ್ತಾರು. ಮೂರು ಸಲವೂ ಗಟ್ಟಿಯಾಗಿ ಕೂಗಿ ಬರೆದುಕೊಂಡೆ.

"ಇವತ್ ಬ್ಯಾಡಿ ಸಾರ್," ಅಂದ ಸಿದ್ದಯ್ಯ. "ನೀರು ಎದ್ದೈತೆ. ಮೂರ್ ದಿನ ತಡ್ಕಳಿ, ಮಲಿಕಳ್ಳಿ."

"ಜನ ಬಂದಾಗಿದೆ," ಅಂದೆ.

ಏರಿಯ ಮೇಲೆ ನಿಜವಾಗಿಯೂ ಜನ ಬಂದಾಗಿತ್ತು. ಮೂರು ಬಾಟಲಿಗಳನ್ನು ಅದಲುಬದಲು ಮಾಡಿ ತೂಬಿನ ಕಲ್ಲಿನ ಮೇಲೆ ಸಾಲಾಗಿ ಇಟ್ಟೆ. ಮೂರೂ ನೀರುಮಜ್ಜಿಗೆಯ ಬಣ್ಣ. ಸಿದ್ದಯ್ಯ ಒಂದೊಂದನ್ನೇ ಮೂಸಿದ, ಅಂಗೈಗೆ ಸುರಿದುಕೊಂಡು ಹೆಬ್ಬೆರಳಿನಲ್ಲಿ ಉಜ್ಜಿದ. ಮತ್ತೆ ಮೊದಲಿನದಕ್ಕೆ ಬಂದ. ಅವನಿಗೆ ಆಗಲೇ ಗೊತ್ತಿತ್ತು. ಆದರೂ ನ್ಯಾಯವಾಗಿ ನೋಡಿದ.

"ಮೂರೂ ಒಂದೇ ನೀರು," ಅಂದ.

ಅದು ಸರಿಯಾದ ಉತ್ತರ. ಆ ಬೆಳಗ್ಗೆ ಆ ಕೆರೆಯ ಬಗ್ಗೆ ಯಾವ ವಿಜ್ಞಾನಿಯೂ ಅದಕ್ಕಿಂತ ಸರಿಯಾದ ಉತ್ತರ ಕೊಡಲಾರ. ನಾನು ಜನರ ಕಡೆ ತಿರುಗಿದೆ.

"ಒಂದು ಬಾಟ್ಲಿ ಮೇಲಿಂದು, ಒಂದು ನಡುವಿಂದು, ಒಂದು ತಳದ್ದು. ತೆಗೆದದ್ದು ನಾನು, ತೆಪ್ಪ ಹಾಕಿದ್ದು ಇವರೇ. ಹೌದೋ ಅಲ್ವೋ ಸಿದ್ದಯ್ಯ? ಒಂದೇ ಮಾತಲ್ಲಿ ಹೇಳಿ."

"ಹೌದು, ಆದ್ರೆ ನೆನ್ನೆ ಗಾಳಿಗೆ..."

"ಹೌದು ಅಂದ್ರು. ಸಾಕು."

ಎದುರಾಳಿಯ 'ಆದರೆ'ಯನ್ನು ಮುಗಿಸಲು ಬಿಡಬಾರದು. ಇದು ಚರ್ಚೆಯ ಮೊದಲ ಪಾಠ. ನಗು ಏರಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ಜಯಮ್ಮ, ಗೌಡರ ತಮ್ಮನ ಹೆಂಡತಿ. ಊರಿನಲ್ಲಿ ಅತಿ ಚೆನ್ನಾಗಿ ಹುಳ ಸಾಕುವವಳು ಅಂತ ಹೆಸರು. "ಅಯ್ಯೋ, ಮೂರೂ ಒಂದೇ ಅನ್ನಕ್ಕೆ ನಮ್ಮನೆ ಎಮ್ಮೆನೂ ಆಯ್ತದೆ!" ಅಂದಳು.

ಸಿದ್ದಯ್ಯ ಜನರನ್ನು ನೋಡಲಿಲ್ಲ. ನನ್ನನ್ನು ನೋಡಿದ. "ಬೆಳಿಗ್ಗೆ ಗಾಜಿನ ಕಡ್ಡಿ ಬುಟ್ರಲ್ಲ ಸಾರ್, ಮೂರ್ ಸಲಾನೂ ಒಂದೇ ಅಂಕಿ ಕೂಗಿದ್ರಿ. ನೀವೇ ಯೋಳ್ಬುಡಿ."

ನೋಟ್‌ಬುಕ್ಕು ನನ್ನ ಕಂಕುಳಲ್ಲಿತ್ತು.

"ಆ ಕಡ್ಡಿ ಓದಕ್ಕೆ ಬರುತ್ತಾ ನಿಮಗೆ?" ಅಂದೆ.

ಅವನು ನೋಟ್‌ಬುಕ್ಕಿನ ಕಡೆ ಕೈ ತೋರಿಸಿದ.

"ಬರುತ್ತೋ ಇಲ್ವೋ?"

"ಇಲ್ಲ."

"ಲೇ ಸಿದ್ದ!" ಗೌಡರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ರುಜು ಆಕಕ್ಕೆ ಹೆಬ್ಬೆಟ್ಟು ಒತ್ತೀಯ, ಇಲ್ಬಂದು ಕಡ್ಡಿ ಓದ್ತೀಯೇನ್ಲಾ?"

ನಾನು ಒಂದೇ ಒಂದು ಸುಳ್ಳು ಹೇಳಲಿಲ್ಲ. ಬೇಕಾದರೆ ಮೇಲಿನ ಸಾಲುಗಳನ್ನು ಮತ್ತೊಮ್ಮೆ ಓದಿ ನೋಡಿ. ಪ್ರತಿಯೊಂದೂ ನಿಜ. ಸುಳ್ಳಾಡಿದ್ದರೆ ಅದು ನೀಚತನವಷ್ಟೇ ಆಗುತ್ತಿತ್ತು. ನಿಜಗಳನ್ನೇ ಆಯ್ದು ಜೋಡಿಸಿ ಒಬ್ಬನ ಮೇಲೆ ಬೀಳುವ ಹಾಗೆ ನಿಲ್ಲಿಸುವುದಕ್ಕೆ ತರಬೇತಿ ಬೇಕು. ಅದು ನನಗಿತ್ತು. ಇದರಿಂದ ನನಗೇನು ಸಿಗಬೇಕಿತ್ತು ಎಂದು ಕೇಳಿದರೆ, ಏನೂ ಇಲ್ಲ. ಗೆದ್ದೆ, ಅಷ್ಟೇ.

ಸಿದ್ದಯ್ಯ ಅಂಗಿ ಕಳಚಿ ಕಲ್ಲಿನ ಮೇಲೆ ಮಡಿಸಿಟ್ಟ. ಕೊಕ್ಕೆಯನ್ನು ಹೆಗಲಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಮುಳುಗಿದ. ಎರಡು ಸಲ ಬರಿಗೈಯಲ್ಲಿ ಮೇಲೆ ಬಂದು ಉಸಿರೆಳೆದುಕೊಂಡ. ಮೂರನೇ ಸಲಕ್ಕೆ ಏರಿಯಾಚೆ ಕಾಲುವೆಯಲ್ಲಿ ಕಪ್ಪು ನೀರು ಬುಸುಗುಟ್ಟಿ ನುಗ್ಗಿತು. ಜನ ಚಪ್ಪಾಳೆ ತಟ್ಟಿದರು. ಅವನು ಒದ್ದೆ ಮೈಯಲ್ಲೇ ಅಂಗಿ ಹಾಕಿಕೊಂಡು ಕಾಲೊನಿಯ ಕಡೆ ನಡೆದ.

ಹತ್ತು ದಿನಕ್ಕೆ ಕೆರೆಯ ಅಂಗಳ ಬರಿದಾಯಿತು. ಜೆಸಿಬಿ ಮೊದಲ ಹಲ್ಲು ಊರಿದಾಗ ಹೂಳಿನ ಗೋಡೆ ನೇರವಾಗಿ ಕತ್ತರಿಸಿ ನಿಂತಿತು: ನೀಲಿಗಪ್ಪು, ಕಪ್ಪು, ಕಂದು. ನೀಲಿಗಪ್ಪಿನ ಮೇಲೆ ಸೀಮೆಎಣ್ಣೆ ಚೆಲ್ಲಿದಂಥ ಹೊಳಪು. ಜನ ನೋಡಿದರು. "ಆಹಾ, ಏನ್ ಬೆಣ್ಣೆಯಂಗೈತೆ ಗೋಡು!" ಅಂದರು. ಟ್ರ್ಯಾಕ್ಟರುಗಳು ಮೊದಲು ಗೌಡರ ತೋಟಕ್ಕೆ, ಆಮೇಲೆ ಅವರ ನೆಂಟರಿಷ್ಟರ ತೋಟಕ್ಕೆ, ಆಮೇಲೆ ಊರಿನ ಉಳಿದ ತೋಟಗಳಿಗೆ. ಕಾಲೊನಿಯವರ ಸರದಿ ಯಾವತ್ತೂ ಕೊನೆಯದು. ಅದು ಬರುವ ಹೊತ್ತಿಗೆ ಮುಂಗಾರು ಹಿಡಿದು ಟ್ರ್ಯಾಕ್ಟರು ಹೂತುಕೊಂಡಿತು. ಅವರ ತುಂಡು ತೋಟಗಳಿಗೆ ಒಂದು ಬುಟ್ಟಿ ಗೋಡೂ ಬೀಳಲಿಲ್ಲ.

ನಾನು ಮನೆಗೆ ಹೋದೆ. ಮಳೆ ನೀರು ತುಂಬಿದ ಮೇಲೆ ಮತ್ತೆ ಅಳೆಯಲು ಶ್ರಾವಣದಲ್ಲಿ ವಾಪಸು ಕರೆದರು. ಬಸ್ಸಿಳಿದು ಊರಿನೊಳಗೆ ನಡೆಯುವಾಗಲೇ ಏನೋ ಹುಳಿ ವಾಸನೆ. ಜಯಮ್ಮನ ಮನೆಯ ಬಾಗಿಲು ತೆರೆದಿತ್ತು. ಹೊರಗಿನಿಂದ ಬಂದವರನ್ನು ಹುಳದ ಮನೆಗೆ ಬಿಟ್ಟುಕೊಳ್ಳುವುದಿಲ್ಲ, ಅದು ಕಟ್ಟುನಿಟ್ಟು. ಅವತ್ತು ಅವಳೇ ಕರೆದಳು.

"ಬಾಪ್ಪ, ಬಂದು ನೋಡು. ಇನ್ಯಾತರ ಮಡಿ."

ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದನ್ನು, ದಾಟಿದ ಹುಳ. ಇನ್ನು ಐದಾರು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಾದವು. ಸಾಮಾನ್ಯವಾಗಿ ಆ ವಯಸ್ಸಿನ ಹುಳ ಸೊಪ್ಪು ತಿನ್ನುವ ಸದ್ದು ಜಡಿಮಳೆಯ ಹಾಗೆ ಮನೆ ತುಂಬಿರುತ್ತದೆ. ಅಲ್ಲಿ ಸದ್ದಿರಲಿಲ್ಲ. ತಟ್ಟೆ ತಟ್ಟೆಗಳಲ್ಲಿ ಹುಳಗಳು ತಲೆಯನ್ನು ಅತ್ತಿತ್ತ ಎಸೆಯುತ್ತ ಹಸಿರು ನೀರು ಕಾರುತ್ತಿದ್ದವು. ಕಾರಿದವು ಕುಗ್ಗಿ ಗಿಡ್ಡವಾಗಿ ಕಪ್ಪಾಗುತ್ತಿದ್ದವು. ಜಯಮ್ಮ ಅವನ್ನು ಮೊರದಲ್ಲಿ ಬಾಚಿ ತಿಪ್ಪೆಗೆ ಹಾಕಿ ಬಂದು, ಮತ್ತೆ ಬಾಚುತ್ತಿದ್ದಳು. ಕೋಳಿಗಳೂ ಅವನ್ನು ಮುಟ್ಟುತ್ತಿರಲಿಲ್ಲ.

ಆ ದಿನ ಊರೆಲ್ಲ ಸುತ್ತಿ ಬರೆದುಕೊಂಡೆ. ಗೋಡು ಬಿದ್ದ ತೋಟದ ಸೊಪ್ಪು ತಿಂದ ಹುಳಗಳು ಎಲ್ಲ ಮನೆಯಲ್ಲೂ ಹೋಗಿದ್ದವು. ಕಾಲೊನಿಯ ಮೂರು ಮನೆಗಳಲ್ಲಿ ಮಾತ್ರ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಂಕಿಯ ತುಂಬ ಹಳದಿ ಗೂಡು. ಅದೇ ಮಳೆ, ಅದೇ ಬಿಸಿಲು, ಅದೇ ಕಡೆಯಿಂದ ತಂದ ಮೊಟ್ಟೆ. ವ್ಯತ್ಯಾಸ ಗೋಡು ಒಂದೇ. ಯಾವ ಪ್ರಯೋಗಾಲಯದಲ್ಲೂ ಇಷ್ಟು ಅಚ್ಚುಕಟ್ಟಾದ ಹೋಲಿಕೆ ಸಿಗದು ಎಂದು ಬರೆದು ಅಡಿಗೆರೆ ಹಾಕಿದ್ದೇನೆ. ಅಡಿಗೆರೆ ಹಾಕಿದ ಕೈ ನನ್ನದೇ.

ಊರಿನವರೂ ಹೋಲಿಕೆ ನೋಡಿದ್ದರು.

ಮರುದಿನ ಬೆಳಗ್ಗೆ ನಾನು ತೆಪ್ಪಕ್ಕೆ ಕಾಯುತ್ತ ತೂಬಿನ ಹತ್ತಿರ ನಿಂತಿದ್ದೆ. ಸಿದ್ದಯ್ಯ ಕೊಕ್ಕೆ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ. ಏರಿಯ ಮೇಲೆ ಮೂವತ್ತು ನಲವತ್ತು ಜನ ಬಂದರು. ಗೌಡರು ಮುಂದೆ, ಜಯಮ್ಮ ಅವರ ಹಿಂದೆ.

"ಕೊಕ್ಕೆ ಕೊಟ್ಬುಡು ಸಿದ್ದ," ಅಂದರು ಗೌಡರು. "ನಿನ್ ಕೈಲಿ ನಮ್ಗೆ ನೀರು ಬ್ಯಾಡ."

"ಯಾಕೆ ಗೌಡ್ರೆ?"

"ಯಾಕೆ ಅಂತ ಬ್ಯಾರೆ ಕೇಳ್ತೀಯಲ್ಲ! ಹುಳ ಉಳಿಯಕಿಲ್ಲ ಅಂತ ಇದೇ ಜಾಗದಲ್ಲಿ ನಿನ್ ಬಾಯಲ್ಲಿ ಅಂದೆ. ನಕ್ಕಿದ್ದುಕ್ಕೆ ಮನ್ಸಲ್ಲಿ ಇಟ್ಕಂಡು, ನೀರೊಳಕ್ಕೆ ಮುಳುಗಿ ಅದೇನ್ ಮಾಡ್ದೋ. ಊರ್ನೋರ ಹುಳ ಎಲ್ಲ ಹೋದ್ವು, ನಿಮ್ಮ ಕಾಲೊನಿ ಹುಳ ಮಾತ್ರ ಹಣ್ಣಾದ್ವು. ನಿಮ್ಮೋರಿಗೆ ಬುಟ್ಟು ನಮ್ಗೆ ಆಕಿದೀಯ ಶಾಪವ."

ನನಗೆ ತಡೆಯಲಾಗಲಿಲ್ಲ. ಅಭ್ಯಾಸ. "ಶಾಪಕ್ಕೆ ಹುಳ ಸಾಯೋದಿಲ್ಲ ಗೌಡ್ರೆ. ಮೂಢನಂಬಿಕೆ ಅದು," ಅಂದೆ.

"ಮತ್ಯಾತುಕ್ಕೆ ಸತ್ವು, ನೀನೇ ಯೋಳಪ್ಪ. ಗೋಡಿಂದಾನಾ? ಈ ಸಿದ್ದಂಗೆ ತಳದ ವಿಚಾರ ಏನೂ ಗೊತ್ತಿಲ್ಲ ಅಂತ ಅವತ್ತು ನೀನೇ ತಾನೆ ತೋರ್ಸಿದ್ದು?"

ನಲವತ್ತು ಜನ ನನ್ನ ಮುಖ ನೋಡುತ್ತಿದ್ದರು. ಸಿದ್ದಯ್ಯನೂ ನೋಡುತ್ತಿದ್ದ. ಅವನ ಮುಖದಲ್ಲಿ ಕೋಪ ಇರಲಿಲ್ಲ. ತೆಪ್ಪದಲ್ಲಿ ನಾನು ಅಂಕಿ ಕೂಗುವ ತನಕ ಹುಟ್ಟು ನಿಲ್ಲಿಸಿ ಕಾಯುತ್ತಿದ್ದನಲ್ಲ, ಹಾಗೆ ಕಾಯುತ್ತಿದ್ದ. ಹೇಳಬೇಕಾದದ್ದು ಎರಡು ವಾಕ್ಯ: ಹುಳ ಸತ್ತದ್ದು ಗೋಡಿನಿಂದ; ಅವತ್ತು ಸಿದ್ದಯ್ಯ ಹೇಳಿದ್ದೇ ಸರಿ, ಅದು ನನಗೆ ಗೊತ್ತಿತ್ತು. ಎರಡೂ ನಾಲಿಗೆಯ ಮೇಲೆ ಸಿದ್ಧವಾಗಿದ್ದವು. ಮೊದಲನೆಯದನ್ನು ಹೇಳಿದರೆ ಎರಡನೆಯದನ್ನೂ ಹೇಳಬೇಕು, ಅದನ್ನು ಹೇಳಿದ ಮೇಲೆ ಈ ಏರಿಯಿಂದ ನಾನು ಇಳಿದು ಹೋಗುವ ಹಾಗಿರಲಿಲ್ಲ.

"ಅದಕ್ಕೆ ಪರೀಕ್ಷೆ ಆಗಬೇಕು," ಅಂದೆ.

ಸಿದ್ದಯ್ಯ ಇನ್ನೊಂದು ಗಳಿಗೆ ನೋಡಿದ. ಆಮೇಲೆ ಎದ್ದು ನಿಂತ. ಗೌಡರು ಕೊಕ್ಕೆಗಾಗಿ ಕೈ ಚಾಚಿದ್ದರು.

"ಹೂಂ ಕಣ್ರಪ್ಪ," ಅಂದ. "ನಾನೇ ಆಕಿದ್ದು ಶಾಪವ. ನೀರೊಳಗೆ ಮುಳುಗಿ, ಉಸಿರು ಕಟ್ಕಂಡು, ಒಬ್ಬೊಬ್ರ ಹೆಸ್ರೂ ಹಿಡ್ದು ಆಕ್ದೆ. ಬರ್ರಿ. ಯಾರ್ಗ್ ಬೇಕು ಕೊಕ್ಕೆ, ಬಂದು ಇಸ್ಕಳಿ."

ಗೌಡರ ಕೈ ಗಾಳಿಯಲ್ಲೇ ನಿಂತು, ನಿಧಾನಕ್ಕೆ ಕೆಳಗಿಳಿಯಿತು. ಜಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಾರೂ ಮುಂದೆ ಬರಲಿಲ್ಲ. ಸಿದ್ದಯ್ಯ ಕೊಕ್ಕೆಯನ್ನು ಹೆಗಲಿಗೇರಿಸಿ ಏರಿಯ ಮೇಲೆ ನಡೆದು ಬಂದ. ಇಷ್ಟು ವರ್ಷ ಆ ಊರಿನವರಿಗೆ ದಾರಿ ಬಿಟ್ಟು ಬದಿಗೆ ನಿಂತವನು ಈಗ ನಡುದಾರಿಯಲ್ಲಿ ಬಂದ. ಜನ ಎರಡು ಪಾಲಾದರು. ಹೆಂಗಸರು ಮುಖ ತಿರುಗಿಸಿದರು. ಅವನು ನನ್ನ ಹತ್ತಿರ ಬಂದಾಗ, ಶಾಪದಿಂದ ಏನೂ ಆಗುವುದಿಲ್ಲ ಎಂದು ಎಷ್ಟೋ ವೇದಿಕೆಗಳಲ್ಲಿ ಗೆದ್ದಿದ್ದ ನಾನು, ಅವನ ನೆರಳು ತಾಗದ ಹಾಗೆ ಒಂದು ಹೆಜ್ಜೆ ಹಿಂದಕ್ಕೆ ಸರಿದೆ.